ನಲವತ್ತರ ಫಲಕಗಳು

ನನ್ನ ಗಂಡ ತೀರಿಹೋದ ಮೇಲೆ ಕಾರು ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ಮಾರಿಬಿಡೋಣ ಎಂದೆ. ಅತ್ತೆ ಮರುದಿನವೇ ಡ್ರೈವಿಂಗ್ ಶಾಲೆಗೆ ಸೇರಿ ಬಂದರು.

ಲೈಸೆನ್ಸ್ ಸಿಕ್ಕಿತು. ಆದರೆ ವೇಗ ನಲವತ್ತು ದಾಟಿದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಹೆದ್ದಾರಿಯ ಹೆಸರೆತ್ತುವಂತಿರಲಿಲ್ಲ.

ಆಗ ಹೆದ್ದಾರಿಯ ಉದ್ದಕ್ಕೂ 'ತಾತ್ಕಾಲಿಕ ವೇಗಮಿತಿ 40' ಎಂಬ ಫಲಕಗಳು ಎದ್ದವು. ಅಗೆತವಿಲ್ಲ, ಡಾಂಬರಿಲ್ಲ, ಒಬ್ಬ ಕೆಲಸದಾಳೂ ಇಲ್ಲ. ಏಕೆಂದು ಯಾರಿಗೂ ಗೊತ್ತಿಲ್ಲ. ಊರೆಲ್ಲ ಬಾಯಿ ಬಡಿದುಕೊಂಡಿತು. ಅತ್ತೆಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

"ನೋಡೇ, ಈಗ ಎಲ್ಲರೂ ದಾರಿಗೆ ಬಂದ್ರು!"

ಅದೇ ಧೈರ್ಯದಲ್ಲಿ, ಪಕ್ಕದ ಊರಿನ ನಾಟಕ ಮಂಡಳಿಗೆ ರಾಜನ ನಿಲುವಂಗಿ ಹೊಲಿದುಕೊಡಲು ಒಪ್ಪಿಕೊಂಡರು. ಅದುವರೆಗೆ ಅವರು ಹೊಲಿದಿದ್ದೆಲ್ಲ ದಿಂಬಿನ ಚೀಲ, ಶಾಲೆಯ ಮಕ್ಕಳ ಅಂಗಿ. ಪರದೆ ಏಳುವ ಮೊದಲು ನಿಲುವಂಗಿ ತಲುಪಿದರೆ ಮಂಡಳಿಯ ಉಡುಪೆಲ್ಲ ಇನ್ನು ಅವರ ಕೈಯದು. ತಪ್ಪಿದರೆ ಬೇರೆಯವರ ಪಾಲು. ವ್ಯವಸ್ಥಾಪಕರು ಖಡಾಖಂಡಿತವಾಗಿ ಹೇಳಿದ್ದರು.

ನಾಟಕದ ದಿನ ನಿಲುವಂಗಿ ಹಿಂದಿನ ಸೀಟಿನಲ್ಲಿ ದಪ್ಪ ಮನುಷ್ಯನ ಹಾಗೆ ಕೂತಿತ್ತು. ನಾನು ಅತ್ತೆಯ ಪಕ್ಕ. ಹೆದ್ದಾರಿ ಹತ್ತಿದರೆ ಒಂದು ಫಲಕವೂ ಇಲ್ಲ. ಅಂಚಿನ ಪಥದಲ್ಲಿ ಹಳದಿ ಲಾರಿಯೊಂದು ತೆವಳುತ್ತಿತ್ತು. ಅಲ್ಲಲ್ಲಿ ನಿಲ್ಲುವುದು, ಇಬ್ಬರು ಇಳಿದು ಮರಳಿನ ಚೀಲ ಎತ್ತಿ ಹಾಕುವುದು, ಮತ್ತೆ ತೆವಳುವುದು. ಉಳಿದ ಕಾರುಗಳು ಪಕ್ಕದ ಪಥದಲ್ಲಿ ಸುಯ್ಯೆಂದು ಹೋಗುತ್ತಿದ್ದವು. ನಾವು ಲಾರಿಯ ಬೆನ್ನಿಗೆ.

ಅದು ಮತ್ತೆ ನಿಂತಾಗ ಅತ್ತೆ ಕಿಟಕಿ ಇಳಿಸಿದರು. "ಫಲಕ ಎಲ್ಲಪ್ಪಾ? ಚೆನ್ನಾಗಿತ್ತಲ್ಲ!"

ಚೀಲ ಹೊತ್ತವನು ಕಕ್ಕಾಬಿಕ್ಕಿಯಾದ. "ಚೆನ್ನಾಗಿತ್ತು ಅಂದವರು ನೀವೊಬ್ಬರೇ ಅಮ್ಮಾ. ಬೆಳಗ್ಗೇನೇ ತೆಗೆದ್ವಿ. ಈಗ ಅದಕ್ಕೆ ಒತ್ತು ಕೊಟ್ಟಿದ್ದ ಚೀಲ ಎತ್ತುತ್ತಾ ಇದೀವಿ."

"ಹಾಕಿದ್ದು ಯಾಕೆ ಮತ್ತೆ?"

"ಹಾಕಿ ಅಂದ್ರು, ಹಾಕಿದ್ವಿ. ತೆಗೀರಿ ಅಂದ್ರು, ತೆಗೆದ್ವಿ. ಯಾಕೆ ಅಂತ ಹೇಳೋರಿಗೂ ಗೊತ್ತಿಲ್ಲ. ನೀವು ಮುಂದೆ ಹೋಗಿ ತಾಯಿ. ನಮ್ಮ ಹಿಂದೆ ಬಂದ್ರೆ ನಾಳೆ ಮುಟ್ತೀರಾ."

ಅತ್ತೆ ಸ್ಟೀರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದರು. "ರಾಜ ಬರೀ ಮೈಲಿ ಸಭೆಗೆ ಬರ್ತಾನೇನೇ?"

"ಬನಿಯನ್ ಇರುತ್ತೆ ಅತ್ತೆ."

ಅವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕನ್ನಡಿ ನೋಡಿದರು. ಇನ್ನೊಮ್ಮೆ ನೋಡಿದರು. ಬಟ್ಟೆಯ ಮುಂದೆಯೂ ಅವರು ಹೀಗೆಯೇ. ಎರಡು ಸಲ ಅಳೆಯದೆ ಕತ್ತರಿ ಮುಟ್ಟುವವರಲ್ಲ.

"ನೀನೂ ಒಂದ್ಸಲ ನೋಡೇ. ಹಿಂದೆ ಯಾರಾದ್ರೂ ಇದಾರಾ?"

ತಿರುಗಿ ನೋಡಿದೆ. "ಖಾಲಿ. ಹಾಕಿ ಕತ್ತರಿ."

ಕಾರು ಪಕ್ಕದ ಪಥಕ್ಕೆ ಜಿಗಿಯಿತು. ಲಾರಿಯವರು ಚೀಲ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಿಲುವಂಗಿ ಸೀಟಿನ ಮೇಲೆ ಅಡ್ಡಬಿತ್ತು.

"ಎಷ್ಟಿದೆಯೇ?" ಅತ್ತೆಗೆ ವೇಗದ ಮುಳ್ಳು ನೋಡುವ ಧೈರ್ಯವಿಲ್ಲ.

"ನಲವತ್ತು," ಎಂದೆ. ಎಂಬತ್ತಿತ್ತು.

"ಮತ್ತೆ ಮರಗಳು ಯಾಕೆ ಹೀಗೆ ಓಡ್ತಾ ಇವೆ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಬಗ್ಗಿ ಮುಳ್ಳು ನೋಡಿದರು. "ಅಯ್ಯೋ ಕಳ್ಳಿ!" ಎಂದರು. ಆದರೆ ಕಾಲು ತೆಗೆಯಲಿಲ್ಲ.

ನಾವು ಬಣ್ಣದ ಕೋಣೆ ಹೊಕ್ಕಾಗ ರಾಜನಿಗೆ ಇನ್ನೂ ಮೀಸೆ ಅಂಟಿಸುತ್ತಿದ್ದರು. ನಿಲುವಂಗಿ ತೊಟ್ಟು ಅವನು ಒಂದು ಸುತ್ತು ತಿರುಗಿದ. ವ್ಯವಸ್ಥಾಪಕರು ಅಂಚಿನ ಹೊಲಿಗೆ ಸವರಿ ನೋಡಿ, "ರಾಣಿಗೂ ಒಂದು ಬೇಕಲ್ಲ ಅಮ್ಮಾ," ಎಂದರು. ಆಮೇಲೆ ದಾರಿಯಲ್ಲಿ ತೊಂದರೆಯಾಗಲಿಲ್ಲವಲ್ಲ ಎಂದು ಕೇಳಿದರು.

"ಒಂದು ಲಾರಿ ಸಿಕ್ಕಿತ್ತು," ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡರು. "ಏನು ನಿಧಾನ ಅಂತೀರಾ! ಅಂಥವರನ್ನ ಹೆದ್ದಾರಿಗೆ ಬಿಡಲೇಬಾರದು."