ಮಡಿಯಲ್ಲಿ ಕೇಳಿದ ಕೊಲೆ

ಬ್ರೂಸ್‌ಪೇಟೆಯ ತುಳಸಮ್ಮನವರ ಮಡಿಯೆಂದರೆ ಓಣಿಗೆಲ್ಲ ಹೆದರಿಕೆ. ಮಡಿಯುಟ್ಟರೆ ಅವರು ಮೊಮ್ಮಗಳನ್ನು ಮುಟ್ಟುವುದಿಲ್ಲ, ಫೋನು ಮುಟ್ಟುವುದಿಲ್ಲ, ಅಚ್ಚಿನ ಪುಸ್ತಕವನ್ನಂತೂ ಮುಟ್ಟುವುದೇ ಇಲ್ಲ. ಅಂಥವರಿಗೆ ಈ ವಯಸ್ಸಿನಲ್ಲಿ ಸ್ವೀಡನ್ ದೇಶದ ಕೊಲೆ ಕಾದಂಬರಿಯ ಹುಚ್ಚು ಹಿಡಿಯಿತು.

ಹಿಡಿಸಿದವಳು ಸೊಸೆ ವಿಭಾ. ಬೆಳಿಗ್ಗೆ ಅತ್ತೆ ಅಡಿಗೆ ಮಾಡುವಾಗ ಹೊಸ್ತಿಲಾಚೆ ಕೂತು ಓದುವಳು, ಆಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಪಾಠ ಹೇಳಲು ಶಾಲೆಗೆ ಹೋಗುವಳು. ಹೊರಗೆ ಬಳ್ಳಾರಿಯ ಬಿಸಿಲು ಬೆನ್ನು ಸುಡುತ್ತಿದ್ದರೆ, ಒಳಗೆ ಹೆಪ್ಪುಗಟ್ಟಿದ ಸರೋವರದಡಿ ಹೆಂಗಸರ ಹೆಣ ಸಿಗುತ್ತಿದ್ದವು. ಮಧ್ಯಾಹ್ನಕ್ಕೇ ಕತ್ತಲಾಗುವ ಊರು, ತುಟಿ ಬಿಚ್ಚದ ಜನ, ಎಲ್ಲರ ಮನೆಯಲ್ಲೂ ಒಂದು ಗುಟ್ಟು. "ಮೀನು ತಿನ್ನೋ ಸಾಲು ಬಿಟ್ಟು ಓದವಾ," ಎನ್ನುವರು ತುಳಸಮ್ಮ. ಕುತ್ತಿಗೆ ಕೊಯ್ದ ಸಾಲನ್ನು ಮಾತ್ರ ಎರಡೆರಡು ಸಲ ಓದಿಸುವರು. ಒಲೆಯ ಮುಂದೆ ಕೂತು ಮೈ ನಡುಗಿಸಿಕೊಳ್ಳುವ ಅಂಥ ಸುಖವನ್ನು ಯಾವ ಪುರಾಣವೂ ಅವರಿಗೆ ಕೊಟ್ಟಿರಲಿಲ್ಲ.

ತುಳಸಮ್ಮನವರ ಮಾವನ ಶ್ರಾದ್ಧದ ಹಿಂದಿನ ದಿನ ಕಥೆ ತುದಿಗೆ ಬಂತು. ಪೊಲೀಸ್ ಹೆಣ್ಣುಮಗಳು ಒಂಟಿ ಮನೆಯ ಬಾಗಿಲು ದೂಡಿದಳು. ಒಳಗಿದ್ದ ಕೊಲೆಪಾತಕಿಯ ಮುಖ ಈ ಕಡೆ ತಿರುಗಿತು. "ನೀನಾ?" ಎಂದಳು ಅವಳು. ವಿಭಾ ಪುಸ್ತಕ ಮುಚ್ಚಿದಳು.

"ಯಾರಂತ? ಯಾಕ ನಿಲ್ಲಿಸಿದಿ?"

"ಸಾಲಿಗೆ ಹೋಗೋ ಹೊತ್ತಾತ್ರಿ ಅತ್ಯಾ."

ಆ ರಾತ್ರಿ ತುಳಸಮ್ಮನವರಿಗೆ ನಿದ್ದೆ ಹತ್ತಲಿಲ್ಲ. ಕೊಂದದ್ದು ಡಾಕ್ಟರನೋ, ಸತ್ತವಳ ತಂಗಿಯೋ?

ಎರಡು ವರ್ಷದ ಹಿಂದೆ ಇದೇ ಶ್ರಾದ್ಧದ ದಿನ ಅವರಿಗೆ ಜ್ವರ ಬಂದು, ವಿಭಾ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದಳು. ಅವಳ ಅಪ್ಪ ತೀರಿಕೊಂಡರೆಂದು ಸಿರುಗುಪ್ಪದಿಂದ ಫೋನು ಬಂತು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಮಗಳಿಗೆ ಸೂತಕ, ಆಮೇಲೆ ಅಡಿಗೆ ಮುಟ್ಟುವಂತಿಲ್ಲ. "ಯಾರ ಫೋನ್ರಿ?" ಎಂದು ವಿಭಾ ಕೇಳಿದರೆ, "ಮೊದಲ ಅಡಿಗಿ ಮುಗೀಲಿ, ಆಮ್ಯಾಲ ಹೇಳ್ತೀನಿ," ಎಂದರು ತುಳಸಮ್ಮ. ಬ್ರಾಹ್ಮಣರು ಉಂಡೆದ್ದ ಮೇಲೇ ಹೇಳಿದರು. ವಿಭಾ ಸಿರುಗುಪ್ಪ ಮುಟ್ಟುವಷ್ಟರಲ್ಲಿ ಚಿತೆ ಉರಿದುಹೋಗಿತ್ತು, ಅಪ್ಪನ ಮುಖ ಸಿಗಲಿಲ್ಲ. ಆ ದಿನದ್ದು ತುಳಸಮ್ಮನವರಿಗೆ ನೆನಪಿರುವುದು ವಡೆ ಚೆನ್ನಾಗಿ ಬಂದಿದ್ದವು ಎಂಬುದೊಂದೇ.

ಈ ಸಲ ಶ್ರಾದ್ಧಕ್ಕೆ ವಿಭಾ ರಜೆ ಹಾಕಿದ್ದಳು. ಪುಸ್ತಕ ಅಡಿಗೆಮನೆಯ ಕಿಟಕಿಯಲ್ಲಿತ್ತು. ಅವಳು ಹಿತ್ತಲಲ್ಲಿ ಬಚ್ಚಲೊಲೆಗೆ ಉರಿ ಹಾಕುತ್ತಿದ್ದಳು. ನಡುಮನೆಯಲ್ಲಿ ತುಳಸಮ್ಮನವರ ಗಂಡ ಸಂಕರ್ಷಣರಾಯರು ಆಚಾರ್ಯರೊಡನೆ ಕೂತಿದ್ದರು. ತುಳಸಮ್ಮ ಆಚೆ ಈಚೆ ನೋಡಿದರು. ದೇವರಿಗೆ ಗೊತ್ತಾದರೆ ಆಗಲಿ, ಗಂಡನಿಗೆ ಗೊತ್ತಾಗದಿದ್ದರೆ ಸಾಕು. ಪುಸ್ತಕ ಎತ್ತಿ "ನೀನಾ?" ಎಂಬಲ್ಲಿಗೆ ತಿರುವಿದರು. ಅದರ ಮುಂದೆ ಬರೀ ರಟ್ಟಿತ್ತು. ಕೊನೆಯ ಹಾಳೆಗಳನ್ನು ಯಾರೋ ಬುಡಸಮೇತ ಹರಿದಿದ್ದರು.

ಅವರು ಪುಸ್ತಕವನ್ನು ಇದ್ದಲ್ಲೇ ಇಟ್ಟು, ಮತ್ತೆ ಸ್ನಾನಕ್ಕೆ ಹೋಗದೆ, ಅದೇ ಕೈಯಿಂದ ವಡೆ ತಟ್ಟಲು ಕೂತರು.

ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ವಿಭಾ ಕೊನೆಯ ವಡೆ ಬೇಯುವ ತನಕ ಕಾದಳು. ಆಮೇಲೆ ನಡುಮನೆಗೆ ಕೇಳುವ ಹಾಗೆ ಹೇಳಿದಳು.

"ಮಾವಾರ, ಅತ್ತಿ ಮಡ್ಯಾಗ ಪುಸ್ತಕ ಮುಟ್ಟ್ಯಾರ. ಅದೇ ಕೈಲೆ ವಡಿ ಮಾಡ್ಯಾರ. ಕೇಳಿ ನೋಡ್ರಿ."

ಮಂತ್ರ ನಿಂತಿತು. ರಾಯರು ಬಾಗಿಲಿಗೆ ಬಂದು, "ಖರೇನ?" ಎಂದರು. ತುಳಸಮ್ಮ ತಲೆ ತಗ್ಗಿಸಿದರು.

"ಅಡಿಗಿ ಎಲ್ಲಾ ಆಕಳಿಗೆ ಹಾಕು. ಸ್ನಾನ ಮಾಡಿ ಮತ್ತ ಮಾಡು," ಎಂದರು ರಾಯರು. ಕುರುಗೋಡಿನಿಂದ ಬಂದಿದ್ದ ಆಚಾರ್ಯರು ಮುಖ ಆ ಕಡೆ ಮಾಡಿದರು. ಸಂಜೆಯೊಳಗೆ ಸುದ್ದಿ ಬಳ್ಳಾರಿ, ಕುರುಗೋಡು ಎರಡೂ ಊರು ಮುಟ್ಟುವುದು ಖಂಡಿತವಾಗಿತ್ತು.

ವಿಭಾ ದೂರದಿಂದಲೇ ಹಂಡೆ ತೋರಿಸಿದಳು. ನೀರು ಹದವಾಗಿ ಕಾದಿತ್ತು. ಒಲೆಯ ಬಾಯಲ್ಲಿ ಸುಟ್ಟ ಕಾಗದದ ಚೂರುಗಳಿದ್ದವು, ಒಂದೆರಡರ ಮೇಲೆ ಅಕ್ಷರ ಇನ್ನೂ ಕಾಣುತ್ತಿತ್ತು. ಹೋದ ಮಾನಕ್ಕಿಂತ ಅದಕ್ಕೇ ತುಳಸಮ್ಮನವರ ಹೊಟ್ಟೆ ಹೆಚ್ಚು ಉರಿಯಿತು.

"ನೀ ಓದೀಯಲ್ಲ," ಎಂದು ಗೋಗರೆದರು. "ಯಾರು ಕೊಂದದ್ದು? ಅಷ್ಟಾರ ಹೇಳವಾ."

"ಮೊದಲ ಅಡಿಗಿ ಮುಗೀಲಿ ಅತ್ಯಾ," ಎಂದಳು ವಿಭಾ. "ಆಮ್ಯಾಲ ಹೇಳ್ತೀನಿ."

ಅಡಿಗೆ ಮುಗಿದು, ಬ್ರಾಹ್ಮಣರು ಉಂಡೆದ್ದ ಮೇಲೆ ತುಳಸಮ್ಮ ಮನೆಯೆಲ್ಲ ಹುಡುಕಿದರು. ವಿಭಾ ಸಿರುಗುಪ್ಪದ ಬಸ್ಸು ಹತ್ತಿಯಾಗಿತ್ತು. ಅವಳ ಅಪ್ಪನ ತಿಥಿಯೂ ಅಂದೇ ಇತ್ತು.