ರಜೆಯ ಮರುದಿನ ಎದೆ ಬಿಗಿದರೆ

ಕೆಲಸಗಾರರ ಕೇರಿಗಳಲ್ಲಿ ಬಾಯಿಂದ ಬಾಯಿಗೆ ಬಂದ ಈ ಕಥೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಅಂಗಳದಲ್ಲೇ ಕಲ್ಲು ಕೆತ್ತುವವನು. ತಂಗಿ ನೂಲಿನ ಗಿರಣಿಯಲ್ಲಿ ಹತ್ತಿ ಹಿಂಜುವ ಯಂತ್ರದ ಮುಂದೆ ನಿಲ್ಲುವವಳು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನವೇ ಅವಳಿಗೆ ಎದೆ ಬಿಗಿದು ಕೆಮ್ಮು ಬರುತ್ತಿತ್ತು. ವಾರ ಸರಿದಂತೆ ತಗ್ಗುತ್ತಿತ್ತು. ಅಣ್ಣ ಅವಳಿಗೆ ‘ರಜೆರಾಣಿ’ ಎಂದು ಹೆಸರಿಟ್ಟಿದ್ದ. ಗಿರಣಿಯ ಮೇಸ್ತ್ರಿಯಂತೂ, ಇನ್ನೊಮ್ಮೆ ಯಂತ್ರ ಬಿಟ್ಟು ಹೊರಗೆ ಕುಳಿತರೆ ಕೆಲಸವಿಲ್ಲ ಎಂದುಬಿಟ್ಟಿದ್ದ.

ಒಂದು ಸಂಜೆ ಅವಳು ಗೋಡೆಗೆ ಒರಗಿ ಹೇಳಿದಳು: “ಇನ್ಮೇಲೆ ನಾನು ರಜೆ ತಗೊಳ್ಳಲ್ಲ ಅಣ್ಣ. ರಜೆ ಮಾಡಿದ್ರೆ ತಾನೆ ಈ ಕಾಟ? ನಮ್ಮ ಸಾಲಿನ ಹೆಂಗಸರು ಸುಮಾರು ಜನ ಹೀಗೇ ಮಾಡ್ತಿದಾರೆ.”

“ಈಗ ದಾರಿಗೆ ಬಂದೆ. ಮೈ ಬಗ್ಗಿಸಿದ್ರೆ ಯಾವ ಕಾಯಿಲೇನೂ ಹತ್ರ ಸುಳಿಯಲ್ಲ. ನನ್ನ ನೋಡು,” ಎಂದ ಅಣ್ಣ.

ಮೆಟ್ಟಿಲಿಗೆ ಕಲ್ಲು ಬೇಕೆಂದು ಹೇಳಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಅಲ್ಲೇ ಕುಳಿತರು.

“ರಜೆಯಲ್ಲ ಕಣೇ ಕಾಯಿಲೆ, ಹತ್ತಿ ಧೂಳು. ರಜೆ ದಿನ ಎದೆ ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ಮತ್ತೆ ಧೂಳು ಕುಡಿದ ಕೂಡಲೇ ಬಿಗಿಯುತ್ತೆ. ಆಮೇಲೆ ಗೊತ್ತಾಗದೇ ಇರೋದು ವಾಸಿಯಾಗಿದೆ ಅಂತಲ್ಲ. ಹೀಗೇ ಬಿಟ್ರೆ ವಾರವಿಡೀ ಬಿಗಿಯುತ್ತೆ. ಕೊನೆಗೆ ನೀನು ಗಿರಣಿ ಬಿಟ್ರೂ ಅದು ನಿನ್ನ ಬಿಡಲ್ಲ.”

“ಧೂಳಲ್ಲೇ ಬೆಳೆದ ನಾನು ಗುಂಡುಕಲ್ಲಿನ ಹಾಗೆ ಇದೀನಲ್ಲ ನರ್ಸಕ್ಕ?” ಎನ್ನುತ್ತ ಅಣ್ಣ, ಉಳಿ ಕೊರೆದ ಗೆರೆಯಲ್ಲಿದ್ದ ಪುಡಿಯನ್ನು ಉಫ್ ಎಂದು ಊದಿದ. ಕೆತ್ತುವವರೆಲ್ಲ ಹಾಗೆಯೇ ಊದುತ್ತಾರೆ, ಗೆರೆ ಕಾಣಬೇಕಲ್ಲ.

“ಊದೋಕೆ ಮುಂಚೆ ಉಸಿರು ಎಳ್ಕೊಂಡೆಯಲ್ಲಪ್ಪ, ಎಲ್ಲಿಂದ ಎಳ್ಕೊಂಡೆ?”

ಅಣ್ಣ ಮುಖದ ಮುಂದೆ ತೇಲುತ್ತಿದ್ದ ಬಿಳಿ ಪುಡಿಯನ್ನು ನೋಡಿದ.

“ಇವಳ ಧೂಳು ಹೇಳಿಯಾದ್ರೂ ಕೆಡಿಸುತ್ತೆ. ನಿನ್ನದು ವರ್ಷಗಟ್ಟಲೆ ಸುಮ್ಮನಿರುತ್ತೆ; ಗೊತ್ತಾಗೋ ಹೊತ್ತಿಗೆ ಶ್ವಾಸಕೋಶ ಗಡುಸಾಗಿರುತ್ತೆ. ಬ್ಯಾಟರಿ ಅಂಗಡಿಯವರಿಗೆ ಸೀಸ ಕೈಯಿಂದ ಊಟದ ಜೊತೆ ಹೊಟ್ಟೆಗಿಳಿಯುತ್ತೆ. ಒಂದೊಂದು ಕೆಲಸದ ಕಾಟ ಒಂದೊಂದು ಥರ. ನೀನು ಎದೆಯ ಎಕ್ಸ್‌ರೇ ಮಾಡಿಸು. ಕಲ್ಲು ನೆನೆಸಿ ಕೆತ್ತು. ಧೂಳು ತಡೆಯೋ ಮಾಸ್ಕೇ ಬೇಕು, ಬರೀ ಬಟ್ಟೆ ಸಾಲದು.”

“ಮತ್ತೆ ಇವಳಿಗೆ?”

“ಕೊಳವೆಗೆ ಊದಿಸಿ ಅಳೆಯೋ ಉಸಿರಿನ ಪರೀಕ್ಷೆ. ರಜೆ ಮುಗಿದ ದಿನ, ಪಾಳಿಗೆ ಮುಂಚೆ ಒಂದ್ಸಲ, ಪಾಳಿ ಆದ್ಮೇಲೆ ಒಂದ್ಸಲ.”

“ಕೇಳಿದ್ರೆ ಮನೆಗೆ ಕಳಿಸ್ತಾರೆ,” ಎಂದಳು ತಂಗಿ.

“ಒಬ್ಬಳೇ ಕೇಳಿದ್ರೆ ತಾನೆ?”

ಮುಂದಿನ ರಜೆಯ ಹಿಂದಿನ ಸಂಜೆ ತಂಗಿ, ರಜೆ ಬಿಟ್ಟು ದುಡಿಯುತ್ತಿದ್ದ ಹೆಂಗಸರ ಮನೆಮನೆಗೆ ಹೋಗಿ, ಈ ಸಲ ರಜೆ ಮಾಡಿ ಎಂದಳು. ರಜೆಯ ಮರುದಿನ ಪಾಳಿಗೆ ಮುಂಚೆ ಅವರೆಲ್ಲ ಗಿರಣಿಯ ಬಾಗಿಲಲ್ಲಿ ನಿಂತರು.

“ಏನಮ್ಮ, ದಂಡು ಕಟ್ಕೊಂಡು ಬಂದಿದೀಯ?” ಎಂದ ಮೇಸ್ತ್ರಿ.

“ಪರೀಕ್ಷೆ ಮಾಡಿಸಿ. ಆಮೇಲೂ ನಾವು ಸೋಮಾರಿಗಳು ಅಂತಾದ್ರೆ ನಾವೇ ಹೋಗ್ತೀವಿ.”

ಸಾಲಿಗೆ ಸಾಲೇ ಹೊರಗೆ ನಿಂತಿದ್ದರಿಂದ ಗಿರಣಿಯವರು ವೈದ್ಯರನ್ನು ಕರೆಸಿದರು; ಪಾಳಿಗೆ ಮುಂಚೆಯೂ ಆಮೇಲೂ ಪರೀಕ್ಷೆ ನಡೆಯಿತು. ಸಂಜೆಯ ಹೊತ್ತಿಗೆ ಹಲವರ ಉಸಿರು ಕುಗ್ಗಿದ್ದು ಎಲ್ಲರ ಎದುರಿಗೇ ಕಂಡಿತು. ಗಿರಣಿಯವರು ಕೆಟ್ಟುನಿಂತಿದ್ದ ಧೂಳು ಹೀರುವ ಯಂತ್ರವನ್ನು ಸರಿಪಡಿಸಿದರು; ತಂಗಿಯನ್ನು ಅದೇ ಸಂಬಳಕ್ಕೆ ಧೂಳಿಲ್ಲದ ವಿಭಾಗಕ್ಕೆ ಹಾಕಿದರು. ಅಣ್ಣ ಆಸ್ಪತ್ರೆಗೆ ಹೋದ. “ಏನು ತೊಂದರೆ?” ಎಂದು ವೈದ್ಯರು ಕೇಳಿದಾಗ, “ತೊಂದರೆ ಇನ್ನೂ ಕಂಡಿಲ್ಲ. ಕೆಲಸ ಕಲ್ಲಿನದು, ಅದಕ್ಕೇ ಬಂದೆ,” ಎಂದ.

ಇದನ್ನು ಕೇಳುತ್ತಿರುವ ನೀವು ಯಾವ ಕೆಲಸದವರು? ದಿನವೂ ಏನನ್ನು ಮುಟ್ಟುತ್ತೀರಿ, ಯಾವ ಗಾಳಿ ಕುಡಿಯುತ್ತೀರಿ, ಮೈ ಯಾವಾಗ ಕೆಡುತ್ತದೆ? ಪಕ್ಕದಲ್ಲಿ ದುಡಿಯುವವರಿಗೂ ಹಾಗೆಯೇ ಆಗುತ್ತಿದೆಯೇ ಎಂದು ವಿಚಾರಿಸಿ. ವೈದ್ಯರ ಮುಂದೆ ನೋವಿಗಿಂತ ಮೊದಲು ನಿಮ್ಮ ಕೆಲಸವನ್ನು ಹೇಳಿ. ಪರೀಕ್ಷೆ ಕೇಳುವುದು ನಿಮ್ಮ ಹಕ್ಕು. ಕೇಳಿ, ಒಬ್ಬರೇ ಅಲ್ಲ, ಜೊತೆಯಾಗಿ ಕೇಳಿ.