ಕಳ್ಳನ ‘ರೀ’

ನಕ್ಕುಬಿಟ್ಟರು, ಬಸಲಿಂಗಪ್ಪ ಇನ್ನೂ ಮಾತೇ ಆಡಿಲ್ಲ, ಪರದೆಯ ಮೇಲೆ ಬರೀ ಮೀಸೆ ತಿರುವುತ್ತ ನಿಂತಿದ್ದಾನೆ, ಅಷ್ಟರಲ್ಲೇ ನಗು, ಯಾಕೆ, ಯಾವುದಕ್ಕೆ — ಓ, ಕೆಳಗೆ ಇಂಗ್ಲಿಷ್ ಸಾಲು, ಅವನು ಹೇಳಬೇಕಾದ್ದನ್ನು ಅವನಿಗಿಂತ ಮೊದಲೇ ಹೇಳಿ ಮುಗಿಸಿದೆ, ಅಮೆರಿಕದ ರಾಲಿಯ ಈ ಥಿಯೇಟರಿನ ತುಂಬ ಜನ ಓದಿ ನಗುತ್ತಿದ್ದಾರೆ, ಕೇಳಿ ಅಲ್ಲ, ಓದಿ. ನಲವತ್ತು ವರ್ಷ ನಗಿಸುವ ಸಿನಿಮಾ ತೆಗೆದೆ, ಮಾತಿಗೆ ಮುಂಚಿನ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದೇ ನನ್ನ ಕಸುಬು, ಒಂದು ಫ್ರೇಮ್ ಸೇರಿಸು, ತೆಗೆ, ಮತ್ತೆ ಸೇರಿಸು, ಜನ ಉಸಿರು ಬಿಗಿಹಿಡಿಯಬೇಕು, ಆಮೇಲೆ ಬಿಡಬೇಕು — ಪಕ್ಕದ ಸೀಟಿನ ನಂದಿತಾ ಬಾಗಿ ಪಿಸುಗುಡುತ್ತಾಳೆ, ಅಂಕಲ್, ಸಬ್‌ಟೈಟಲ್ಸ್ ನಾನೇ ಮಾಡಿದ್ದು, ಎಲ್ಲಾ ಲೈನೂ, ವರ್ಕ್ ಆಗ್ತಿದೆ ಅಲ್ವಾ? ಆಗ್ತಿದೆಯಮ್ಮ, ಚೆನ್ನಾಗಿದೆ, ಇಲ್ಲೇ ಹುಟ್ಟಿದ ಹುಡುಗಿ, ಕಾಲೇಜಿನ ರಜೆಯನ್ನೆಲ್ಲ ನನ್ನ ಚಿತ್ರಕ್ಕೆ ಸುರಿದಿದ್ದಾಳೆ, ಬೈಯಲು ಮನಸ್ಸು ಬರುವುದಿಲ್ಲ, ಆದರೆ ಏಣಿಯ ದೃಶ್ಯ ಬರುತ್ತಿದೆ, ದೇವರೇ, ಅದಕ್ಕೆ ಜನ ನಗುವುದನ್ನು ಕೇಳಬೇಕೆಂದೇ ಈ ವಯಸ್ಸಿನಲ್ಲಿ ವಿಮಾನ ಹತ್ತಿದ್ದು, ಲಾಕ್‌ಡೌನ್‌ಗೆ ಥಿಯೇಟರುಗಳು ಮುಚ್ಚಿ ಚಿತ್ರ ಮೂಲೆಗೆ ಬಿತ್ತು, ಎರಡನೇ ಅಲೆಯಲ್ಲಿ ಬಸಲಿಂಗಪ್ಪ ಹೋದ, ಅವನ ಕೊನೆಯ ಜೋಕಿಗೆ ಇವತ್ತಿನವರೆಗೆ ಯಾರೂ ನಕ್ಕಿಲ್ಲ.

ಬಸಲಿಂಗಪ್ಪನದು ಕಳ್ಳನ ಪಾತ್ರ, ಕಿಟಕಿಗೆ ಏಣಿ ಹಾಕಿ ಸಿಕ್ಕಿಬಿದ್ದಿರುತ್ತಾನೆ, ಮನೆಯವನು ಕೇಳುತ್ತಾನೆ, ಯಾರೋ ನೀನು, ಕಳ್ಳನಾ? ಇವನು ಯೋಚಿಸುತ್ತಾನೆ, ಉಗುಳು ನುಂಗುತ್ತಾನೆ, ಇನ್ನಾ ಏನೂ ತಗೊಂಡಿಲ್ಲ — ಅಲ್ಲಿ ಮತ್ತೆ ಒಂಚೂರು ತಡೆದು — ರೀ. ಸ್ಕ್ರಿಪ್ಟಿನಲ್ಲಿ ಆ ರೀ ಇರಲಿಲ್ಲ, ಡಬ್ಬಿಂಗ್‌ನಲ್ಲಿ ಕತ್ತರಿಸಲು ಹೋದೆ, ಅವನು ಬಿಡಲಿಲ್ಲ, ಅದನ್ನ ಹಂಗ ಇರ್ಲಿ ಬಿಡ್ರಿ ಸರ್, ಕಳ್ಳ ಆದ್ರೇನು, ನಾವು ಹುಬ್ಬಳ್ಳಿಯವ್ರು, ಏಣಿ ಮ್ಯಾಲಿದ್ರೂ ಮರ್ಯಾದಿ ಬಿಡಂಗಿಲ್ಲ, ಬಿದ್ದು ಬಿದ್ದು ನಕ್ಕಿದ್ದೆ, ಹೌದು, ಜೋಕೇ ಆ ರೀ, ಉಳಿದದ್ದೆಲ್ಲ ಅದಕ್ಕೆ ಹಾಕಿದ ಏಣಿ, ಆಸ್ಪತ್ರೆಯ ವಿಡಿಯೊ ಕಾಲ್‌ನಲ್ಲಿ ಆಕ್ಸಿಜನ್ ಮಾಸ್ಕಿನೊಳಗೆ ಅವನ ಬಾಯಿ ಆಡುತ್ತಿತ್ತು, ನರ್ಸ್ ಫೋನ್ ಹಿಡಿದಿದ್ದಳು, ಜೋರಾಗಿ ಹೇಳೋ ಬಸ್ಯಾ, ಕೇಳ್ತಿಲ್ಲ ಅಂದೆ, ಬಾಯಿ ಆಡುತ್ತಲೇ ಇತ್ತು, ಏನು ಹೇಳಿದನೋ — ನಂದಿತಾ, ಒಂದೇ ಒಂದು ಸೀನ್‌ಗೆ ಆ ಸಾಲು ಆಫ್ ಮಾಡೋಕಾಗುತ್ತೇನಮ್ಮ? ಅಯ್ಯೋ ಅಂಕಲ್, ಅದು ವಿಡಿಯೊದಲ್ಲೇ ಸೇರಿಬಿಟ್ಟಿದೆ, ತೆಗೆದ್ರೆ ನಮಗೆಲ್ಲಾ ಹೇಗೆ ಗೊತ್ತಾಗುತ್ತೆ, ಎಲ್ಲಿ ನಗ್ಬೇಕು ಅಂತ? ಎಲ್ಲಿ ನಗಬೇಕು ಅಂತ, ಸರಿಯಾಗಿ ಕೇಳಿದೆ ಮಗು, ಅದನ್ನೊಂದು ತೋರಿಸಲಾರದವನು ಇಷ್ಟು ವರ್ಷ ಏನು ಕಡಿದೆ, ಬಂತು, ಏಣಿ ಬಂತು, ಕಿಟಕಿ ಬಂತು, ಕಳ್ಳನಾ ಅಂತ ಕೇಳಿಯಾಯಿತು, ಕೆಳಗೆ ಸಾಲು ಮೂಡಿತು, ನಾಟ್ ಯೆಟ್, ರೀ ಎಲ್ಲಿ, ರೀಗೆ ಅವರಲ್ಲಿ ಪದವೇ ಇಲ್ಲ, ಥಿಯೇಟರ್ ಹೋ ಎಂದು ನಗುತ್ತಿದೆ, ಅಂಕಲ್, ಬಿಗ್ಗೆಸ್ಟ್ ಲಾಫ್, ನೋಡಿ ನೋಡಿ, ನನ್ನ ತೋಳು ಹಿಡಿದು ಅಲುಗಿಸುತ್ತಾಳೆ, ಇಷ್ಟು ದೊಡ್ಡ ನಗು ನನ್ನ ಯಾವ ಚಿತ್ರಕ್ಕೂ ಬಂದದ್ದಿಲ್ಲ, ಸುಮ್ಮನಿರಿ, ಒಂದು ಕ್ಷಣ ಸುಮ್ಮನಿರಿ, ಅವನಿನ್ನೂ ಹೇಳಿಲ್ಲ, ಉಗುಳು ನುಂಗುತ್ತಿದ್ದಾನೆ, ಈಗ, ಈಗ ಹೇಳುತ್ತಾನೆ, ಈ ಗದ್ದಲದಲ್ಲಿ ಏನೂ ಕೇಳುತ್ತಿಲ್ಲ, ತುಟಿ ಅಗಲವಾಗುತ್ತಿದೆ, ರೀ ಅನ್ನುವುದಕ್ಕೆ ಅಗಲವಾದ ತುಟಿ, ಕೇಳ್ತಿಲ್ಲ ಕಣೋ ಬಸ್ಯಾ, ಬಾಯಿ ಆಡುತ್ತಿದೆ, ಬಾಯಿ, ಬರೀ ಬಾಯಿ —